165 ದಿನದ ಮೀಟಿಂಗ್ ಮುಗಿದದ್ದು ಹೇಗೆ? ಸಂವಿಧಾನ ಸಭೆಯ ಒಂದು ಪ್ರಕರಣ ಅಧ್ಯಯನ

1949ರ ಸೆಪ್ಟೆಂಬರ್ 18. ದೆಹಲಿಯಲ್ಲಿ ಸಂವಿಧಾನ ಸಭೆ ಕೂತಿದೆ. ಚರ್ಚೆಗೆ ಬಂದಿರುವುದು ಮೊದಲನೇ ವಿಧಿ, ಅಂದರೆ ದೇಶದ ಹೆಸರು. ಮಾತಾಡುತ್ತಿರುವವರು ಎಚ್. ವಿ. ಕಾಮತ್. ಹುಟ್ಟಿದ್ದು ಮಂಗಳೂರಿನಲ್ಲಿ, ಸಭೆಗೆ ಬಂದದ್ದು ಮಧ್ಯ ಪ್ರಾಂತ್ಯದಿಂದ. ಐರ್ಲೆಂಡ್ ತನ್ನ ಸಂವಿಧಾನದಲ್ಲಿ ಹೆಸರನ್ನು ಹೇಗೆ ಬರೆದುಕೊಂಡಿದೆ ಎಂದು ಹೇಳಿದರು. ಆಮೇಲೆ ‘ಭಾರತ’ ಎಂಬ ಹೆಸರಿನ ಮೂಲ ಹುಡುಕುತ್ತಾ ಹಿಂದಕ್ಕೆ ಹೊರಟರು. ಅಂಬೇಡ್ಕರ್ ತಡೆಯಲಾರದೆ ಎದ್ದರು. ಇದನ್ನೆಲ್ಲ ಈಗ ಹೇಳಬೇಕಾ? ಬೇರೆ ಕಡೆ ಇದು ಸ್ವಾರಸ್ಯವಾಗಿರಬಹುದು, ಆದರೆ ಸಭೆಗೆ ಇರುವ ಸಮಯ ಕಮ್ಮಿ, ಸ್ವಲ್ಪ ಹದ ಇರಲಿ ಎನ್ನುವ ಅರ್ಥದ ಮಾತಾಡಿದರು.

ಯಾವ ಆಫೀಸಿನ ಮೀಟಿಂಗ್‌ನಲ್ಲಾದರೂ ನಡೆಯುವ ದೃಶ್ಯವೇ, ಅಲ್ವಾ? ಒಬ್ಬರಿಗೆ ವಿಷಯದ ಮೇಲೆ ನಿಜವಾದ ಪ್ರೀತಿ. ಇನ್ನೊಬ್ಬರಿಗೆ ಗಡಿಯಾರದ ಚಿಂತೆ. ಇಬ್ಬರೂ ತಪ್ಪಲ್ಲ. ಮೀಟಿಂಗ್ ಮಾತ್ರ ಅಲ್ಲೇ ನಿಂತಿರುತ್ತದೆ.

ಮೀಟಿಂಗ್ ಯಾಕೆ ಉದ್ದವಾಗುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ‘ಜನ ಜಾಸ್ತಿ ಮಾತಾಡ್ತಾರೆ’. ನನಗೆ ಈ ಉತ್ತರದ ಮೇಲೆ ನಂಬಿಕೆಯಿಲ್ಲ. ನಮ್ಮ ದೇಶದಲ್ಲಿ ನಡೆದ ಬಹಳ ದೊಡ್ಡ ಮೀಟಿಂಗ್ ಒಂದರಲ್ಲಿ ಜನ ಬೇಕಾದಷ್ಟು ಮಾತಾಡಿದರು, ಆದರೂ ಕೆಲಸ ಮುಗಿಯಿತು. ಹೇಗೆ ಮುಗಿಯಿತು ಎನ್ನುವುದಕ್ಕೆ ನಡಾವಳಿಯೇ ಸಾಕ್ಷಿ. ಒಂದೊಂದು ಮಾತೂ ದಾಖಲಾಗಿದೆ.

ಮೊದಲು ಲೆಕ್ಕ

ಸಂವಿಧಾನ ಸಭೆ ಮೊದಲ ಸಲ ಸೇರಿದ್ದು 1946ರ ಡಿಸೆಂಬರ್ 9ಕ್ಕೆ. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ಕ್ಕೆ. ಒಟ್ಟು 2 ವರ್ಷ, 11 ತಿಂಗಳು, 17 ದಿನ. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಲೆಕ್ಕ ಇದು. ಆದರೆ ನಿಜಕ್ಕೂ ಸಭೆ ಕೂತದ್ದು 11 ಅಧಿವೇಶನಗಳಲ್ಲಿ 165 ದಿನ ಮಾತ್ರ. ಅದರಲ್ಲೂ ಕರಡು ಸಂವಿಧಾನದ ಮೇಲೆ ಚರ್ಚೆ ನಡೆದದ್ದು 114 ದಿನ. ಮೊದಲ ಆರು ಅಧಿವೇಶನಗಳು ಧ್ಯೇಯಗಳ ನಿರ್ಣಯಕ್ಕೂ ಬೇರೆ ಬೇರೆ ಸಮಿತಿಗಳ ವರದಿಗಳಿಗೂ ಹೋದವು.

ಹೊರಗೆ ಗೊಣಗಾಟ ಇತ್ತು. ಇಷ್ಟು ಹೊತ್ತು ಬೇಕಾ, ದುಡ್ಡು ಪೋಲಾಗುತ್ತಿದೆ ಎಂಬ ಟೀಕೆ. ಸಭೆಯ ಒಳಗೇ ನಜೀರುದ್ದೀನ್ ಅಹ್ಮದ್ ಎಂಬ ಸದಸ್ಯರು ಕರಡು ಬರೆಯುವ ಡ್ರಾಫ್ಟಿಂಗ್ ಸಮಿತಿಯನ್ನು ‘ಡ್ರಿಫ್ಟಿಂಗ್ ಸಮಿತಿ’, ಅಂದರೆ ಗೊತ್ತುಗುರಿಯಿಲ್ಲದೆ ತೇಲುವ ಸಮಿತಿ, ಎಂದು ಚುಚ್ಚಿದ್ದರು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಇದಕ್ಕೆಲ್ಲ ಉತ್ತರ ಕೊಟ್ಟರು. ಅಮೆರಿಕಕ್ಕೆ ನಾಲ್ಕು ತಿಂಗಳೊಳಗೆ ಮುಗಿಯಿತು, ನಿಜ. ಕೆನಡಾಕ್ಕೆ ಎರಡು ವರ್ಷ ಐದು ತಿಂಗಳು ಹಿಡಿಯಿತು, ಆಸ್ಟ್ರೇಲಿಯಾಕ್ಕೆ ಒಂಬತ್ತು ವರ್ಷ, ದಕ್ಷಿಣ ಆಫ್ರಿಕಾಕ್ಕೆ ಒಂದು ವರ್ಷ. ನಮ್ಮದರಲ್ಲಿ 395 ವಿಧಿಗಳಿವೆ, ಆ ಯಾವ ಸಂವಿಧಾನವೂ ಇದರ ಅರ್ಧದಷ್ಟೂ ಇಲ್ಲ ಎಂದರು.

ನನಗೆ ಅದೇ ಭಾಷಣದಲ್ಲಿ ಬರುವ ಇನ್ನೊಂದು ಲೆಕ್ಕ ಮುಖ್ಯ ಅನ್ನಿಸುತ್ತದೆ. ಕರಡಿಗೆ ಸದಸ್ಯರು ಕೊಟ್ಟ ತಿದ್ದುಪಡಿ ಸೂಚನೆಗಳು 7635. ಸಭೆಯಲ್ಲಿ ನಿಜವಾಗಿ ಮಂಡನೆಯಾದದ್ದು 2473. ಉಳಿದ ಐದು ಸಾವಿರ ಚಿಲ್ಲರೆ ಎಲ್ಲಿ ಹೋಯಿತು? ಈ ಪ್ರಕರಣದ ತಿರುಳು ಇರುವುದು ಅಲ್ಲೇ.

ಸಭೆ ಸೇರುವ ಮೊದಲೇ ನಡೆದ ಕೆಲಸ

ಖಾಲಿ ಕಾಗದ ಇಟ್ಟುಕೊಂಡು ಮುನ್ನೂರು ಜನ ಕೂತು ‘ಏನು ಬರೆಯೋಣ’ ಎಂದು ಕೇಳಲಿಲ್ಲ. ಸಂವಿಧಾನ ಸಲಹೆಗಾರ ಬಿ. ಎನ್. ರಾವ್ (ಇವರೂ ಮಂಗಳೂರಿನಲ್ಲಿ ಹುಟ್ಟಿದವರು) 1947ರ ಮಾರ್ಚ್‌ನಲ್ಲೇ ಸದಸ್ಯರಿಗೆ ಒಂದು ಪ್ರಶ್ನಾವಳಿ ಕಳಿಸಿದ್ದರು. ಬೇರೆ ದೇಶಗಳಲ್ಲಿ ಏನಿದೆ ಎಂದು ತೋರಿಸುವ ಕೈಪಿಡಿಗಳನ್ನು ಅಚ್ಚು ಹಾಕಿಸಿ ಹಂಚಿದ್ದರು. ಅವರು ತಯಾರಿಸಿದ ಮೊದಲ ಕರಡಿನಲ್ಲಿ 243 ವಿಧಿಗಳು, 13 ಅನುಸೂಚಿಗಳು.

1947ರ ಆಗಸ್ಟ್ 29ರಂದು ಕರಡು ಸಮಿತಿ ನೇಮಕವಾಯಿತು. ಮಾರನೇ ದಿನವೇ ಮೊದಲ ಸಭೆ. ಈ ಸಮಿತಿ ಒಟ್ಟು 141 ದಿನ ಕೂತಿತು. ದೊಡ್ಡ ಸಭೆ ಕೂತ 165 ದಿನದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಮುನ್ನೂರು ಜನ ಸೇರಿ ಕಳೆದ ದಿನಗಳಿಗೆ ಹತ್ತಿರ ಹತ್ತಿರ ಅಷ್ಟೇ ದಿನ ಏಳು ಜನರ ಸಮಿತಿಯೂ ಕೂತು ಕೆಲಸ ಮಾಡಿದೆ.

ಏಳು ಜನ ಅನ್ನುವುದೂ ಕಾಗದದ ಮೇಲಿನ ಲೆಕ್ಕ. ಸಭೆಯ ಸದಸ್ಯ ಟಿ. ಟಿ. ಕೃಷ್ಣಮಾಚಾರಿ 1948ರ ನವೆಂಬರ್ 5ರಂದು ಇದನ್ನು ಬಿಡಿಸಿ ಹೇಳಿದರು. ಒಬ್ಬರು ರಾಜೀನಾಮೆ ಕೊಟ್ಟರು. ಒಬ್ಬರು ತೀರಿಕೊಂಡರು. ಒಬ್ಬರು ಅಮೆರಿಕದಲ್ಲಿದ್ದರು. ಇನ್ನೊಬ್ಬರು ರಾಜ್ಯಾಡಳಿತದ ಕೆಲಸದಲ್ಲಿ ಮುಳುಗಿದ್ದರು. ಒಂದಿಬ್ಬರು ದೆಹಲಿಯಿಂದ ದೂರ ಇದ್ದರು. ಕೊನೆಗೆ ಕರಡಿನ ಭಾರವೆಲ್ಲ ಅಂಬೇಡ್ಕರ್ ಹೆಗಲಿಗೆ ಬಿತ್ತು. ನ್ಯಾಯವಲ್ಲ, ಆದರೆ ಆಶ್ಚರ್ಯವೂ ಅಲ್ಲ. ಯಾವ ಸಮಿತಿಯಲ್ಲಾದರೂ ಬರೆಯುವ ಕೈ ಒಂದೋ ಎರಡೋ ಇರುತ್ತದೆ. ಅಂಬೇಡ್ಕರ್ ತಮ್ಮ ಕೊನೆಯ ಭಾಷಣದಲ್ಲಿ ಆ ಶ್ರೇಯಸ್ಸನ್ನು ಬಿ. ಎನ್. ರಾವ್ ಅವರಿಗೂ ಮುಖ್ಯ ಕರಡುಗಾರ ಎಸ್. ಎನ್. ಮುಖರ್ಜಿ ಅವರಿಗೂ ಹಂಚಿದರು.

ಕರಡು ಸಮಿತಿ ತನ್ನ ಕರಡನ್ನು ಒಪ್ಪಿಸಿದ್ದು 1948ರ ಫೆಬ್ರವರಿಯಲ್ಲಿ: 315 ವಿಧಿಗಳು, 8 ಅನುಸೂಚಿಗಳು. ಸಭೆ ಅದನ್ನು ಕೈಗೆತ್ತಿಕೊಂಡದ್ದು ನವೆಂಬರ್ 4ಕ್ಕೆ. ನಡುವೆ ಎಂಟು ತಿಂಗಳು ಕರಡು ಜನರ ಮುಂದಿತ್ತು. ಓದಿದರು, ಬೈದರು, ಹೊಗಳಿದರು, ಸಲಹೆ ಬರೆದು ಕಳಿಸಿದರು. ಅಂಬೇಡ್ಕರ್ ಕರಡು ಮಂಡಿಸುವಾಗ ಆ ಟೀಕೆಗಳಿಗೆ ಉತ್ತರ ಅವರ ಕೈಯಲ್ಲಿ ತಯಾರಾಗಿತ್ತು. ಮೊದಲ ಭಾಷಣದ ದೊಡ್ಡ ಪಾಲು ಅದಕ್ಕೇ ಮೀಸಲಾಗಿತ್ತು.

ಈಗ ನಮ್ಮ ಸ್ಥಿತಿ ನೋಡಿ. ಬೆಳಿಗ್ಗೆ 11ಕ್ಕೆ ಮೀಟಿಂಗ್, 10:50ಕ್ಕೆ ಮೇಲ್‌ನಲ್ಲಿ ಪಿಪಿಟಿ. ಮೊದಲ ಅರ್ಧ ಗಂಟೆ ಒಬ್ಬರು ಸ್ಲೈಡ್ ಓದುತ್ತಾರೆ, ಉಳಿದವರು ಮೊದಲ ಸಲ ನೋಡುತ್ತಾರೆ. ಮೊದಲ ಸಲ ನೋಡಿದವರಿಗೆ ಮೊದಲ ಸಲದ ಪ್ರಶ್ನೆಗಳೇ ಬರುವುದು. ಅವರನ್ನು ಬೈದು ಏನು ಉಪಯೋಗ?

7635 ಹೇಗೆ 2473 ಆಯಿತು

1948ರ ನವೆಂಬರ್ 15ರಿಂದ ಮುಂದಿನ ವರ್ಷದ ಅಕ್ಟೋಬರ್ 17ರವರೆಗೆ ಸಭೆ ಕರಡನ್ನು ವಿಧಿ ವಿಧಿಯಾಗಿ ತೆಗೆದುಕೊಂಡಿತು. ತಿದ್ದುಪಡಿ ಬೇಕೆನ್ನುವವರು ಮೊದಲೇ ಬರೆದು ಕೊಡಬೇಕು. ಪ್ರತಿಯೊಂದಕ್ಕೂ ಒಂದು ನಂಬರು. ‘ನನಗೆ ಇದು ಸರಿ ಕಾಣ್ತಿಲ್ಲ’ ಎಂದರೆ ಸಾಲದು. ಯಾವ ವಿಧಿಯ ಯಾವ ಪದ ತೆಗೆದು ಯಾವ ಪದ ಹಾಕಬೇಕು ಎಂದು ಹೇಳಬೇಕು. ಈ ಒಂದು ನಿಯಮದಿಂದಲೇ ಗೊಣಗಾಟದ ದೊಡ್ಡ ಪಾಲು ಪ್ರಸ್ತಾಪವಾಗಿ ಬದಲಾಯಿತು, ಇಲ್ಲವೇ ಉದುರಿ ಹೋಯಿತು.

1948ರ ನವೆಂಬರ್‌ನಲ್ಲಿ ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದ್ ಅವರಿಗೆ ಆರೋಗ್ಯ ಸರಿ ಇರಲಿಲ್ಲ. ಪೀಠದಲ್ಲಿ ಇದ್ದವರು ಉಪಾಧ್ಯಕ್ಷ ಎಚ್. ಸಿ. ಮುಖರ್ಜಿ. ಅವರು ತಿದ್ದುಪಡಿಗಳನ್ನು ಮೊದಲೇ ಓದಿ ಗುಂಪು ಮಾಡಿಕೊಂಡು ಬರುತ್ತಿದ್ದರು. ಒಂದೇ ಅರ್ಥದ ನಾಲ್ಕೈದು ತಿದ್ದುಪಡಿ ಇದ್ದರೆ, ಹೆಚ್ಚು ಪೂರ್ತಿಯಾಗಿರುವ ಒಂದನ್ನು ಮಾತ್ರ ಮಂಡಿಸಲು ಬಿಡುತ್ತಿದ್ದರು. ಬರೀ ಪದ ಅದಲು ಬದಲು ಮಾಡುವಂಥದ್ದನ್ನು ‘ಇದು ಭಾಷೆಯ ತಿದ್ದುಪಡಿ’ ಎಂದು ಪಕ್ಕಕ್ಕೆ ತಳ್ಳುತ್ತಿದ್ದರು.

ಈ ನಿಯಮದ ಬಿಸಿ ಹೆಚ್ಚು ತಟ್ಟಿದ್ದು ನಜೀರುದ್ದೀನ್ ಅಹ್ಮದ್ ಅವರಿಗೆ. ಕಾಮಾ ಎಲ್ಲಿರಬೇಕು, ಯಾವ ಅಕ್ಷರ ದೊಡ್ಡದಿರಬೇಕು ಎಂದು ಸಾಲು ಸಾಲಾಗಿ ತಿದ್ದುಪಡಿ ಕೊಟ್ಟವರು ಅವರು. ನಗುವುದು ಸುಲಭ. ಆದರೆ ಕಾನೂನಿನಲ್ಲಿ ಕಾಮಾ ತಪ್ಪಿದರೆ ಅರ್ಥವೇ ಬದಲಾಗಬಹುದು. ಅಷ್ಟು ನಿಗಾ ಇಟ್ಟು ಓದುವವರು ಎಲ್ಲ ತಂಡದಲ್ಲೂ ಒಬ್ಬರು ಬೇಕು. ಅವರ ಪಟ್ಟಿ ಹೋಗಬೇಕಾದದ್ದು ಕರಡು ಬರೆಯುವವರ ಮೇಜಿಗೆ, ಸಭೆಗಲ್ಲ.

ಇನ್ನೊಂದು ಜರಡಿ ಸಭೆಯ ಹೊರಗಿತ್ತು. ಕಾಂಗ್ರೆಸ್ ಸದಸ್ಯರು ತಮ್ಮ ಪಕ್ಷದ ಸಭೆಯಲ್ಲಿ ವಿಧಿಗಳನ್ನು ಮೊದಲೇ ಚರ್ಚಿಸುತ್ತಿದ್ದರು. ಜಗಳ ಅಲ್ಲಿ, ತೀರ್ಮಾನ ಅಲ್ಲಿ. ಬೆಳಿಗ್ಗೆ ಸಭೆಯಲ್ಲಿ ಆ ತಿದ್ದುಪಡಿಯ ನಂಬರು ಕರೆದಾಗ ‘ಮಂಡಿಸುವುದಿಲ್ಲ’ ಎನ್ನುವ ಉತ್ತರ ಬರುತ್ತಿತ್ತು. ಅಂಬೇಡ್ಕರ್ ಕಾಂಗ್ರೆಸ್ ಪಕ್ಷದವರಲ್ಲ. ಆದರೂ ನವೆಂಬರ್ 25ರ ಅದೇ ಭಾಷಣದಲ್ಲಿ, ಆ ಪಕ್ಷದ ಶಿಸ್ತು ಇಲ್ಲದಿದ್ದರೆ ಸಭೆ ಗೊಂದಲದ ಗೂಡಾಗುತ್ತಿತ್ತು ಎಂದು ಒಪ್ಪಿಕೊಂಡರು. ಜೊತೆಗೆ ಇನ್ನೊಂದು ಮಾತೂ ಹೇಳಿದರು. ಎಲ್ಲರೂ ಶಿಸ್ತಿಗೆ ತಲೆಬಾಗಿದ್ದರೆ ಸಭೆ ಸಪ್ಪೆಯಾಗುತ್ತಿತ್ತು, ಪುಣ್ಯಕ್ಕೆ ಕೆಲವರು ಬಂಡಾಯಗಾರರಿದ್ದರು ಎಂದು ಕಾಮತ್, ಪಿ. ಎಸ್. ದೇಶಮುಖ್, ಸಿಧ್ವಾ, ಸಕ್ಸೇನಾ, ಠಾಕೂರ್ ದಾಸ್ ಭಾರ್ಗವ, ಕೆ. ಟಿ. ಶಾ, ಕುಂಜ್ರು ಇವರ ಹೆಸರು ಹೇಳಿ ನೆನೆದರು. ಎರಡು ತಿಂಗಳ ಹಿಂದೆ ‘ಹದ ಇರಲಿ’ ಎಂದು ಗದರಿಸಿದ್ದ ಕಾಮತ್ ಹೆಸರೂ ಅದರಲ್ಲಿದೆ.

ಪೀಠ ಒಬ್ಬರದು, ಪ್ರಸ್ತಾಪ ಇನ್ನೊಬ್ಬರದು

ನಮ್ಮ ಆಫೀಸುಗಳಲ್ಲಿ ಒಂದು ಅಭ್ಯಾಸ ಇದೆ. ಮೀಟಿಂಗ್ ಕರೆದವರು ಮ್ಯಾನೇಜರ್, ನಡೆಸುವವರು ಅವರೇ, ಪ್ರಸ್ತಾಪ ಅವರದೇ, ಟೀಕೆಗೆ ಉತ್ತರ ಕೊಡುವವರೂ ಅವರೇ. ತಮ್ಮ ಪ್ರಸ್ತಾಪದ ಮೇಲೆ ಪ್ರಶ್ನೆ ಬಂದ ಕೂಡಲೇ ಸಮರ್ಥನೆಗೆ ನಿಲ್ಲುತ್ತಾರೆ. ಒಂದು ಪ್ರಶ್ನೆ, ಹತ್ತು ನಿಮಿಷದ ಉತ್ತರ. ಮತ್ತೆ ಪ್ರಶ್ನೆ, ಮತ್ತೆ ಹತ್ತು ನಿಮಿಷ. ಸಮಯ ನೋಡಬೇಕಾದವರೇ ಸಮಯ ತಿನ್ನುತ್ತಿದ್ದರೆ ತಡೆಯುವವರು ಯಾರು?

ಸಂವಿಧಾನ ಸಭೆಯಲ್ಲಿ ಈ ಎರಡು ಕೆಲಸ ಬೇರೆ ಬೇರೆ ಇದ್ದವು. ಸಭೆ ನಡೆಸುವುದು ಅಧ್ಯಕ್ಷರ ಕೆಲಸ. ಕರಡನ್ನು ದಡ ಮುಟ್ಟಿಸುವುದು ಅಂಬೇಡ್ಕರ್ ಕೆಲಸ. ಒಂದು ವಿಧಿಯ ಮೇಲೆ ತಿದ್ದುಪಡಿಗಳೆಲ್ಲ ಮಂಡನೆಯಾಗಿ, ಮಾತಾಡುವವರೆಲ್ಲ ಮಾತಾಡಿದ ಮೇಲೆ, ಸಾಮಾನ್ಯವಾಗಿ ಕೊನೆಯಲ್ಲಿ ಅಂಬೇಡ್ಕರ್ ಏಳುತ್ತಿದ್ದರು. ಉತ್ತರ ಬೇಕಾದ ಕಡೆ ಉದ್ದಕ್ಕೆ, ಪಾಠ ಹೇಳಿದಂತೆ. ಬೇಡದ ಕಡೆ ‘ನಾನು ಈ ತಿದ್ದುಪಡಿ ಒಪ್ಪುವುದಿಲ್ಲ’ ಎಂದು ಒಂದೇ ಸಾಲು. ಅದರ ಬೆನ್ನಿಗೇ ಮತ. ‘ಈ ವಿಧಿ ಸಂವಿಧಾನದ ಭಾಗವಾಗಲಿ’ ಎಂದು ಒಪ್ಪಿದ ಮೇಲೇ ಮುಂದಿನ ವಿಧಿ. ಏನು ತೀರ್ಮಾನವಾಯಿತು ಎಂದು ಮೀಟಿಂಗ್ ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ಕೇಳುವ ಪ್ರಮೇಯವೇ ಇಲ್ಲ.

ಕೆ. ಟಿ. ಶಾ 1948ರ ನವೆಂಬರ್ 15ರಂದು ಮೊದಲನೇ ವಿಧಿಯಲ್ಲಿ ‘ಜಾತ್ಯತೀತ, ಸಂಯುಕ್ತ, ಸಮಾಜವಾದಿ’ ಎಂಬ ಪದಗಳನ್ನು ಸೇರಿಸಬೇಕೆಂದರು. ಸಭೆ ಕೇಳಿತು, ಅಂಬೇಡ್ಕರ್ ಯಾಕೆ ಬೇಡ ಎಂದು ಕಾರಣ ಕೊಟ್ಟರು, ತಿದ್ದುಪಡಿ ಬಿದ್ದುಹೋಯಿತು. ಶಾ ಆಮೇಲೂ ತಿದ್ದುಪಡಿ ತರುತ್ತಲೇ ಇದ್ದರು, ಬಹುಪಾಲು ಬೀಳುತ್ತಲೇ ಇದ್ದವು. ಬೇಸರಕ್ಕೆ ಅವರು ಸಭೆ ಬಿಟ್ಟು ಹೋಗಲಿಲ್ಲ. ಸೋಲುತ್ತೇನೆ ಎಂದು ಗೊತ್ತಿದ್ದವರೂ ಬಂದು ಕೂರುತ್ತಾರೆ, ಮಾತು ಕಿವಿಗೆ ಬೀಳುತ್ತದೆ ಅನ್ನುವ ಭರವಸೆ ಇದ್ದರೆ.

ಹತ್ತು ತಿಂಗಳು ಬದಿಗಿಟ್ಟ ಪ್ರಶ್ನೆ

ದೇಶದ ಹೆಸರಿನ ಚರ್ಚೆಗೆ ವಾಪಸ್ ಬರೋಣ. ಅದು ಶುರುವಾದದ್ದು ಸೆಪ್ಟೆಂಬರ್ 1949ರಲ್ಲಲ್ಲ. 1948ರ ನವೆಂಬರ್ ಮಧ್ಯದಲ್ಲಿ ಮೊದಲನೇ ವಿಧಿ ಬಂದಾಗಲೇ ‘ಇಂಡಿಯಾ ಸಾಕಾ, ಭಾರತ ಬೇಕಾ’ ಎಂಬ ಪ್ರಶ್ನೆ ಎದ್ದಿತ್ತು. ಆಗ ಒಮ್ಮತ ಕಾಣಲಿಲ್ಲ. ಸಭೆ ಏನು ಮಾಡಿತು? ನವೆಂಬರ್ 17ರಂದು ಆ ಪ್ರಶ್ನೆಯನ್ನು ಮುಂದಕ್ಕೆ ಹಾಕಿ ಉಳಿದ ವಿಧಿಗಳಿಗೆ ಹೋಯಿತು.

ಮೊದಲ ವಿಧಿಯೇ ಮುಗಿಯದೆ ಮುಂದಕ್ಕೆ ಹೋಗುವುದಕ್ಕೆ ಧೈರ್ಯ ಬೇಕು. ಅಜೆಂಡಾದ ಮೊದಲ ಐಟಂ ಮುಗಿಯದೆ ಎರಡನೆಯದಕ್ಕೆ ಕೈ ಹಾಕುವುದಿಲ್ಲ ಎಂದು ಹಟ ಹಿಡಿದು ಇಡೀ ಮಧ್ಯಾಹ್ನ ಕಳೆಯುವ ಸಭೆಗಳು ನಮ್ಮಲ್ಲಿ ಎಷ್ಟಿಲ್ಲ! ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ವಿಷಯ ಮೊದಲು ಇಟ್ಟರೆ ಲೆಕ್ಕಪತ್ರದ ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿರುತ್ತಾರೆ.

ಹತ್ತು ತಿಂಗಳು ಕಳೆದು ಸೆಪ್ಟೆಂಬರ್ 17, 18ರಂದು ಪ್ರಶ್ನೆ ಮತ್ತೆ ಬಂತು. ಈ ಸಲ ಅಂಬೇಡ್ಕರ್ ಕೈಯಲ್ಲಿ ಎರಡೂ ಹೆಸರು ಸೇರಿದ ವಾಕ್ಯ ಇತ್ತು: ‘ಇಂಡಿಯಾ, ಅಂದರೆ ಭಾರತ’. ಕಾಮತ್ ಅವರದು ‘ಭಾರತ’ವನ್ನು ಮುಂದಿಟ್ಟು ‘ಇಂಗ್ಲಿಷಿನಲ್ಲಿ ಇಂಡಿಯಾ’ ಎನ್ನುವ ತಿದ್ದುಪಡಿ. ಕೈ ಎತ್ತಿಸಿ ಎಣಿಸಿದರು. ಪರ 38, ವಿರುದ್ಧ 51. ಮುಗಿಯಿತು.

ಪೀಠಿಕೆಯನ್ನೂ ಹಾಗೇ ಕೊನೆಗೆ ಇಟ್ಟರು. ಪುಸ್ತಕದಲ್ಲಿ ಮೊದಲು ಬರುವುದು ಸಭೆಯಲ್ಲಿ ಕೊನೆಗೆ ಬಂತು, 1949ರ ಅಕ್ಟೋಬರ್ 17ಕ್ಕೆ. ಒಳಗೆ ಏನಿದೆ ಎಂದು ತೀರ್ಮಾನವಾದ ಮೇಲೆ ಅದಕ್ಕೆ ಮುಖಪುಟ ಬರೆಯುವುದು ಸುಲಭ. ಧ್ಯೇಯವಾಕ್ಯ ಏನಿರಬೇಕು ಎಂದು ಮೊದಲ ಮೀಟಿಂಗ್‌ನಲ್ಲೇ ಗುದ್ದಾಡುವ ಸಂಸ್ಥೆಗಳು ಇದನ್ನು ಗಮನಿಸಬೇಕು.

ಎಲ್ಲಿ ಕೈಕೊಟ್ಟಿತು

ಪೀಠಿಕೆಯ ದಿನವೇ ಒಂದು ಎಡವಟ್ಟೂ ಆಯಿತು. ಕಾಮತ್ ‘ದೇವರ ಹೆಸರಿನಲ್ಲಿ’ ಎಂದು ಪೀಠಿಕೆ ಶುರುವಾಗಬೇಕು ಎಂದರು. ರೋಹಿಣಿ ಕುಮಾರ್ ಚೌಧುರಿ, ದೇವಿಯ ಹೆಸರು ಯಾಕಿಲ್ಲ ಎಂದರು. ಪೂರ್ಣಿಮಾ ಬ್ಯಾನರ್ಜಿ, ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ಬೇಡ ಎಂದು ಕೇಳಿಕೊಂಡರು. ರಾಜೇಂದ್ರ ಪ್ರಸಾದರೂ ಹಿಂತೆಗೆದುಕೊಳ್ಳಿ ಎಂದು ಹೇಳಿ ನೋಡಿದರು. ಕಾಮತ್ ಬಿಡಲಿಲ್ಲ. ಮತ ಎಣಿಸಿದರು: ಪರ 41, ವಿರುದ್ಧ 68. ಕೆಲವು ಪ್ರಶ್ನೆಗಳಿಗೆ ‘ಹೌದು’, ‘ಇಲ್ಲ’ ಎಂದು ಕೈ ಎತ್ತಿಸಿದರೆ ಗೆದ್ದವರಿಗೂ ಖುಷಿಯಿಲ್ಲ, ಸೋತವರಿಗೂ ಸಮಾಧಾನವಿಲ್ಲ.

ದೇಶದ ಅಧಿಕೃತ ಭಾಷೆ ಯಾವುದು ಎಂಬ ವಿಷಯದಲ್ಲಿ ಪ್ರಸಾದರು ಇದನ್ನು ಮೊದಲೇ ಗ್ರಹಿಸಿದ್ದರು. ಸೆಪ್ಟೆಂಬರ್ 12ಕ್ಕೆ ಚರ್ಚೆ ತೆಗೆಯುವಾಗ ಮೇಜಿನ ಮೇಲೆ 300ಕ್ಕೂ ಹೆಚ್ಚು ತಿದ್ದುಪಡಿಗಳಿದ್ದವು. ಬರೀ ಬಹುಮತದಿಂದ ಗೆದ್ದರೆ ಸಾಲದು, ಇಡೀ ದೇಶ ಒಪ್ಪುವಂತಿರಬೇಕು, ನೋಯಿಸುವ ಮಾತು ಬೇಡ ಎಂದು ಶುರುವಿನಲ್ಲೇ ಹೇಳಿದರು. 14ಕ್ಕೆ ಮುನ್ಷಿ-ಅಯ್ಯಂಗಾರ್ ಸೂತ್ರ, ಅಂದರೆ ಹಿಂದಿಯನ್ನು ಅಧಿಕೃತ ಭಾಷೆ ಮಾಡಿ ಇಂಗ್ಲಿಷನ್ನೂ ಸ್ವಲ್ಪ ಕಾಲ ಉಳಿಸುವ ರಾಜಿ, ಒಪ್ಪಿಗೆಯಾಯಿತು. ಇಂಗ್ಲಿಷಿಗೆ ಹದಿನೈದು ವರ್ಷದ ಅವಧಿ ಸಿಕ್ಕಿತು. ಮೂರು ದಿನದಲ್ಲಿ ಮೀಟಿಂಗ್ ಮುಗಿಯಿತು, ಜಗಳ ಮುಗಿಯಲಿಲ್ಲ. ಅದು ಇವತ್ತಿಗೂ ಇದೆ. ಹಾಗಂತ ಆ ಸಭೆ ಸೋತಿತು ಎನ್ನುವುದು ನನ್ನ ಪ್ರಕಾರ ತಪ್ಪು. ಆ ಹೊತ್ತಿಗೆ ಎಲ್ಲರೂ ಬದುಕಬಹುದಾದ ಒಂದು ವ್ಯವಸ್ಥೆ ಬೇಕಿತ್ತು, ಅದು ಸಿಕ್ಕಿತು.

ಇನ್ನೊಂದು ಕೊರತೆ ಮೈಸೂರಿನಿಂದ ಬಂದಿದ್ದ ಕೆ. ಹನುಮಂತಯ್ಯನವರ ಮಾತಿನಲ್ಲಿದೆ. ಕೊನೆಯ ಓದಿನ, ಅಂದರೆ ಪೂರ್ತಿ ಕರಡಿನ ಮೇಲಿನ ಅಂತಿಮ ಚರ್ಚೆಯ ಹೊತ್ತಿಗೆ, 1949ರ ನವೆಂಬರ್ 17ರಂದು, ನಮಗೆ ವೀಣೆಯದೋ ಸಿತಾರಿನದೋ ಸಂಗೀತ ಬೇಕಿತ್ತು, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಎಂದರು. ಗಮನಿಸಿ, ಈ ಮಾತು ಬಂದದ್ದು ಎಲ್ಲ ಮುಗಿಯುವಾಗ. ಚೆನ್ನಾಗಿ ತಯಾರಿಸಿದ ಕರಡು ಮುಂದಿಟ್ಟರೆ ಸಭೆ ಬೇಗ ಸಾಗುತ್ತದೆ. ಆದರೆ ಕರಡು ಹಿಡಿದ ದಾರಿಯನ್ನೇ ಪ್ರಶ್ನಿಸುವವರಿಗೆ ಜಾಗ ಕಮ್ಮಿಯಾಗುತ್ತದೆ. 300 ವಿಧಿ ಬರೆದಾದ ಮೇಲೆ ‘ಇದರ ರಾಗವೇ ಬೇರೆ ಇರಬೇಕಿತ್ತು’ ಎಂದರೆ ಯಾರು ಕೇಳುತ್ತಾರೆ? ಅಂಥ ಪ್ರಶ್ನೆಗೆ ಕರಡು ಬರೆಯುವ ಮೊದಲೇ ಒಂದು ಪ್ರತ್ಯೇಕ ಸಭೆ ಬೇಕು, ಅಲ್ಲಿ ಗಡಿಯಾರ ಸ್ವಲ್ಪ ಸಡಿಲ ಇರಬೇಕು.

ಪಕ್ಷದ ಒಳಸಭೆಗೂ ಇದೇ ಮಾತು. ಅಲ್ಲಿ ಇಲ್ಲದವರಿಗೆ ತೀರ್ಮಾನ ಮೊದಲೇ ಆಗಿಹೋಗಿದೆ ಅನ್ನಿಸುತ್ತದೆ. ಆಫೀಸಿನಲ್ಲಿ ಕಾಫಿ ಹೊತ್ತಿಗೆ ನಾಲ್ಕು ಜನ ಮಾತಾಡಿಕೊಂಡು ಬಂದು ಮೀಟಿಂಗ್‌ನಲ್ಲಿ ಒಪ್ಪಿಗೆ ಹಾಕಿಸಿಕೊಳ್ಳುವುದನ್ನು ನೋಡಿದವರಿಗೆ ಇದು ಗೊತ್ತು.

ನಮ್ಮ ಹತ್ತು ಜನರ ಮೀಟಿಂಗ್‌ಗೆ

ದೇಶ ಕಟ್ಟುವ ಸಭೆಗೂ ಸೋಮವಾರದ ರಿವ್ಯೂ ಮೀಟಿಂಗ್‌ಗೂ ಎಲ್ಲಿಯ ಹೋಲಿಕೆ ಎನ್ನಬಹುದು. ಸರಿ. ಆದರೆ ಮುನ್ನೂರು ಜನರಿಗೆ ನಡೆದ ಪದ್ಧತಿ ಹತ್ತು ಜನರಿಗೆ ಇನ್ನೂ ಸಲೀಸು. ಎರಡು ದಿನ ಮೊದಲು ಒಂದು ಪುಟದ ಕರಡು ಕಳಿಸಿ: ಏನು ತೀರ್ಮಾನ ಬೇಕು, ನಿಮ್ಮ ಸಲಹೆ ಏನು, ಯಾಕೆ. ಬದಲಾವಣೆ ಬೇಕೆನ್ನುವವರು ಹಿಂದಿನ ಸಂಜೆಯೊಳಗೆ ಬರೆದು ಕಳಿಸಲಿ. ಕಾಗುಣಿತ, ಬಣ್ಣ, ಫಾಂಟ್ ಇವೆಲ್ಲ ಬರೆದವರಿಗೆ ನೇರವಾಗಿ ಹೋಗಲಿ. ಒಂದೇ ಥರದ ಆಕ್ಷೇಪ ಮೂರು ಜನರದಿದ್ದರೆ ಒಬ್ಬರು ಮಾತಾಡಲಿ. ಕರಡು ಬರೆದವರು ಮೀಟಿಂಗ್ ನಡೆಸುವುದು ಬೇಡ, ಕೊನೆಯಲ್ಲಿ ಒಂದೇ ಸಲ ಉತ್ತರ ಕೊಡಲಿ.

ಬದಿಗಿಡುವ ವಿಷಯದಲ್ಲಿ ಮಾತ್ರ ಎಚ್ಚರ. ‘ಆಮೇಲೆ ನೋಡೋಣ’ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ನೋಡುವುದಿಲ್ಲ ಎಂದೇ ಅರ್ಥ. ಸಂವಿಧಾನ ಸಭೆಯಲ್ಲಿ ಬದಿಗಿಟ್ಟ ವಿಧಿ ನಂಬರಿನ ಸಮೇತ ಪಟ್ಟಿಯಲ್ಲಿ ಉಳಿಯುತ್ತಿತ್ತು, ಅದು ಮುಗಿಯದೆ ಸಂವಿಧಾನ ಮುಗಿಯುವಂತಿರಲಿಲ್ಲ. ಯಾರು ತಯಾರಿ ಮಾಡುತ್ತಾರೆ, ಯಾವ ದಿನ ವಾಪಸ್ ಬರುತ್ತದೆ ಎಂದು ಬರೆಯದೆ ಯಾವುದನ್ನೂ ಬದಿಗಿಡಬೇಡಿ.

ಇಷ್ಟು ಮಾಡಿದರೆ ಕೆಲವು ಮೀಟಿಂಗ್ ಬೇಕೇ ಇರಲಿಲ್ಲ ಎಂದೂ ಗೊತ್ತಾಗುತ್ತದೆ. ಇದಕ್ಕೂ ಸಂವಿಧಾನ ಸಭೆಯಲ್ಲೇ ಒಂದು ಉದಾಹರಣೆ ಇದೆ. 1950ರ ಜನವರಿ 24ರಂದು ಸದಸ್ಯರು ಸಹಿ ಹಾಕಲು ಸೇರಿದ್ದರು. ರಾಷ್ಟ್ರಗೀತೆಯ ವಿಷಯ ಇನ್ನೂ ಬಾಕಿ ಇತ್ತು. ನಿರ್ಣಯ ಮಂಡಿಸಿ ತೀರ್ಮಾನಿಸುವ ಯೋಚನೆ ಒಮ್ಮೆ ಇತ್ತು, ಅದಕ್ಕಿಂತ ನಾನೇ ಒಂದು ಹೇಳಿಕೆ ಕೊಡುವುದು ಮೇಲು ಅನ್ನಿಸಿತು ಎಂದು ಪ್ರಸಾದರು ಹೇಳಿದರು. ‘ಜನ ಗಣ ಮನ’ ರಾಷ್ಟ್ರಗೀತೆ, ‘ವಂದೇ ಮಾತರಂ’ಗೆ ಅದರಷ್ಟೇ ಗೌರವ. ಸದಸ್ಯರು ಚಪ್ಪಾಳೆ ತಟ್ಟಿದರು. ತಿದ್ದುಪಡಿಯಿಲ್ಲ, ಮತವಿಲ್ಲ. ಮೂರು ವರ್ಷ ಎಲ್ಲರ ಮಾತನ್ನೂ ಕೇಳಿದ ಅಧ್ಯಕ್ಷರು ಕೊನೆಯ ದಿನ ಹಾಗೆ ಹೇಳಿದ್ದಕ್ಕೆ ಅದು ನಡೆಯಿತು. ಮೊದಲ ದಿನವೇ ಹೇಳಿದ್ದರೆ ಏನಾಗುತ್ತಿತ್ತೋ.